ಸಿಹಿ ವೈನ್ ಸವಿಯಲು ಮೊದಲು ಹುಳಿಯನ್ನು ಗುರುತಿಸಿ

ನಮ್ಮಲ್ಲಿ ಬಹಳ ಜನ ಮೊದಲು ರುಚಿ ನೋಡಿದ ವೈನ್ ಸಿಹಿಯಾದದ್ದೇ. ಮೈಮೇಲೆ 'ಪೋರ್ಟ್' ಎಂದು ಬರೆದುಕೊಂಡ, ಸಕ್ಕರೆ ಬೆರೆಸಿದ, ಕೆಮ್ಮಿನ ಔಷಧಿಯನ್ನು ನೆನಪಿಸುವ ಅಗ್ಗದ ಬಾಟಲಿ ಅದು. ಅದನ್ನು ಕುಡಿದು ಮುಖ ಕಿವುಚಿದವರು ಮುಂದೆಂದೂ ಸಿಹಿ ವೈನಿನ ತಂಟೆಗೆ ಹೋಗುವುದಿಲ್ಲ. ಸಿಹಿಯಿಲ್ಲದ 'ಒಣ' ವೈನ್ ಕುಡಿಯುವುದೇ ಅಭಿರುಚಿಯ ಗುರುತು, ಸಿಹಿ ಎಂದರೆ ಕಲಿಯದವರ ಪಾನೀಯ ಎಂಬ ನಂಬಿಕೆ ಅಲ್ಲಿಂದ ಬೇರೂರುತ್ತದೆ. ನನಗೆ ಇದು ತುಂಬ ಬೇಸರದ ಸಂಗತಿ. ದ್ರಾಕ್ಷಿಯಿಂದ ಮನುಷ್ಯ ಮಾಡಿದ ಅತ್ಯಂತ ಶ್ರಮದ, ಅತ್ಯಂತ ತಾಳ್ಮೆಯ ವೈನುಗಳು ಇರುವುದು ಈ ಗುಂಪಿನಲ್ಲೇ.

ರಾಮನವಮಿಯ ಪಾನಕವನ್ನು ನೆನಪಿಸಿಕೊಳ್ಳಿ. ಬರೀ ಬೆಲ್ಲದ ನೀರಾದರೆ ಎರಡು ಗುಟುಕಿಗೆ ಸಾಕೆನಿಸುತ್ತದೆ. ಅದಕ್ಕೆ ನಿಂಬೆ ಹಿಂಡಿದಾಗ ಸಿಹಿ ಕಡಿಮೆಯಾಗುವುದಿಲ್ಲ, ಬೆಲ್ಲ ಇದ್ದಷ್ಟೇ ಇರುತ್ತದೆ. ಆದರೆ ನಾಲಿಗೆ ಇನ್ನೊಂದು ಲೋಟ ಕೇಳುತ್ತದೆ. ಒಳ್ಳೆಯ ಸಿಹಿ ವೈನಿನ ಗುಟ್ಟು ಇಷ್ಟೇ. ಅದರಲ್ಲಿ ಎಷ್ಟು ಸಕ್ಕರೆ ಇದೆ ಎನ್ನುವುದಕ್ಕಿಂತ ಆ ಸಕ್ಕರೆಯನ್ನು ಹಿಡಿದು ನಿಲ್ಲಿಸುವಷ್ಟು ಹುಳಿ ಇದೆಯೇ ಎನ್ನುವುದು ಮುಖ್ಯ. ಈ ಲೇಖನದ ಉದ್ದಕ್ಕೂ ನಾವು ಆ ಹುಳಿಯನ್ನೇ ಹಿಂಬಾಲಿಸೋಣ.

ಹೆಜ್ಜೆ 1: ಸಿಹಿ ಎಲ್ಲಿಂದ ಬಂತೆಂದು ತಿಳಿಯಿರಿ

ಸಾಮಾನ್ಯ ವೈನಿನಲ್ಲಿ ಯೀಸ್ಟ್ ದ್ರಾಕ್ಷಿರಸದ ಸಕ್ಕರೆಯನ್ನೆಲ್ಲ ತಿಂದು ಮದ್ಯಸಾರ ಮಾಡುತ್ತದೆ. ಕೊನೆಗೆ ಒಂದು ಲೀಟರಿನಲ್ಲಿ ನಾಲ್ಕು ಗ್ರಾಂ ಸಕ್ಕರೆಯೂ ಉಳಿಯದಿರಬಹುದು. ಸಿಹಿ ವೈನಿನಲ್ಲಿ ನೂರು, ನೂರೈವತ್ತು, ಕೆಲವೊಮ್ಮೆ ನಾನೂರು ಗ್ರಾಂ ಉಳಿದಿರುತ್ತದೆ. ಹೀಗೆ ಉಳಿಸಲು ಎರಡೇ ದಾರಿ. ಒಂದೋ ಯೀಸ್ಟ್ ತಿಂದು ಮುಗಿಸಲಾರದಷ್ಟು ಗಟ್ಟಿ ರಸವನ್ನು ಅದರ ಮುಂದಿಡಬೇಕು. ಇಲ್ಲವೇ ಅದು ತಿನ್ನುತ್ತಿರುವಾಗಲೇ ಅದರ ಕೆಲಸ ನಿಲ್ಲಿಸಬೇಕು.

ರಸವನ್ನು ಗಟ್ಟಿಗೊಳಿಸುವುದು ಎಂದ ಕೂಡಲೇ ನಮಗೆ ಆಲೆಮನೆ ನೆನಪಾಗುತ್ತದೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ನೀರು ಆರಿಸಿದರೆ ಜೋನಿ ಬೆಲ್ಲ. ವೈನ್ ಮಾಡುವವರು ಸಾಮಾನ್ಯವಾಗಿ ರಸವನ್ನು ಹೀಗೆ ಕುದಿಸುವುದಿಲ್ಲ. ಹಣ್ಣಿನ ಒಳಗಿರುವಾಗಲೇ ನೀರು ಹೋಗುವಂತೆ ಮಾಡುತ್ತಾರೆ. ವಿಜಯಪುರದ ಕಡೆ ಒಣದ್ರಾಕ್ಷಿ ಮಾಡುವುದನ್ನು ನೋಡಿದವರಿಗೆ ಇದರಲ್ಲಿ ಒಂದು ಬಗೆ ಸುಲಭವಾಗಿ ಅರ್ಥವಾಗುತ್ತದೆ. ಇಟಲಿಯ ಟಸ್ಕನಿಯಲ್ಲಿ ಗೊಂಚಲುಗಳನ್ನು ಅಟ್ಟದಲ್ಲಿ ತೂಗುಹಾಕಿ, ಇಲ್ಲವೇ ಚಾಪೆಯ ಮೇಲೆ ಹರಡಿ, ತಿಂಗಳುಗಟ್ಟಲೆ ಬಾಡಿಸಿ ಹಿಂಡಿ 'ವಿನ್ ಸಾಂತೊ' ಮಾಡುತ್ತಾರೆ. ದಕ್ಷಿಣ ಸ್ಪೇನಿನಲ್ಲಿ ಪೆದ್ರೊ ಹಿಮೆನೆಸ್ ದ್ರಾಕ್ಷಿಯನ್ನು ಬಿಸಿಲಿಗೆ ಒಣಗಿಸುತ್ತಾರೆ. ಆ ಹೆಸರಿನದೇ ವೈನ್ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಾಗಿ, ಎಣ್ಣೆಯಂತೆ ಗ್ಲಾಸಿಗೆ ಅಂಟಿಕೊಂಡು ಇಳಿಯುತ್ತದೆ.

ಚಳಿಯಿಂದಲೂ ಅದೇ ಕೆಲಸ ಆಗುತ್ತದೆ. ಕೆನಡಾದ ನಯಾಗರ ಪ್ರದೇಶದಲ್ಲಿ ಹಣ್ಣನ್ನು ಕೀಳದೆ ಬಳ್ಳಿಯಲ್ಲೇ ಬಿಟ್ಟು, ಉಷ್ಣತೆ ಮೈನಸ್ 8 ಡಿಗ್ರಿಗೆ ಇಳಿದ ರಾತ್ರಿ ಕೊಯ್ಲು ಮಾಡುತ್ತಾರೆ. ಗೋಲಿಯಂತೆ ಗಟ್ಟಿಯಾದ ಹಣ್ಣನ್ನು ಹಾಗೆಯೇ ಹಿಂಡಿದರೆ ನೀರು ಮಂಜುಗಡ್ಡೆಯಾಗಿ ಒಳಗೇ ಉಳಿದು, ಜೇನಿನಂಥ ರಸ ಮಾತ್ರ ತೊಟ್ಟಿಕ್ಕುತ್ತದೆ. ಇದು ಐಸ್‌ವೈನ್. ಈ ಗುಂಪಿನಲ್ಲಿ ಹುಳಿ ಅತ್ಯಂತ ಚುರುಕಾಗಿರುವುದು ಇದರಲ್ಲೇ.

ಆದರೆ ನನ್ನನ್ನು ಬೆರಗುಗೊಳಿಸುವುದು ಮೂರನೆಯ ಬಗೆ, ಬೂಷ್ಟು. ನಮ್ಮ ದ್ರಾಕ್ಷಿ ಬೆಳೆಗಾರ ಬೂದಿ ರೋಗದ ಹೆಸರು ಕೇಳಿದರೆ ಸಿಂಪರಣೆಗೆ ಓಡುತ್ತಾನೆ. ಹಂಗೇರಿಯ ತೊಕಾಯ್ ಮತ್ತು ಫ್ರಾನ್ಸಿನ ಸೊಟೆರ್ನ್ ಪ್ರದೇಶಗಳಲ್ಲಿ ರೈತರು ಒಂದು ಶಿಲೀಂಧ್ರ ಬರಲೆಂದು ಕಾಯುತ್ತಾರೆ. ಅದರ ಹೆಸರು ಬೊಟ್ರೈಟಿಸ್ ಸಿನೆರಿಯ. ಸೊಟೆರ್ನ್‌ನಲ್ಲಿ ಸಿರೋನ್ ಎಂಬ ತಣ್ಣನೆಯ ಸಣ್ಣ ನದಿ ಅದಕ್ಕಿಂತ ಬೆಚ್ಚಗಿನ ಗರೋನ್ ನದಿಯನ್ನು ಸೇರುತ್ತದೆ. ಶರತ್ಕಾಲದ ಬೆಳಗಿನಲ್ಲಿ ಅಲ್ಲಿಂದ ಮಂಜೆದ್ದು ತೋಟಗಳನ್ನು ಮುಚ್ಚುತ್ತದೆ. ಆ ತೇವದಲ್ಲಿ ಶಿಲೀಂಧ್ರ ಹಣ್ಣಿನ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡುತ್ತದೆ. ಮಧ್ಯಾಹ್ನ ಮಂಜು ಕರಗಿ ಬಿಸಿಲು ಬಂದಾಗ ಆ ರಂಧ್ರಗಳ ಮೂಲಕ ನೀರು ಆರಿಹೋಗುತ್ತದೆ. ಸಕ್ಕರೆ ಮತ್ತು ಹುಳಿ ಹಣ್ಣಿನೊಳಗೇ ಸಾಂದ್ರವಾಗುತ್ತವೆ. ಜೊತೆಗೆ ಶಿಲೀಂಧ್ರ ತಾನೇ ಕೆಲವು ಹೊಸ ಪರಿಮಳಗಳನ್ನು ಸೇರಿಸುತ್ತದೆ: ಜೇನು, ಒಣಗಿದ ಏಪ್ರಿಕಾಟ್, ಕೇಸರಿ. ಬಿಸಿಲು ಬಾರದೆ ದಿನವಿಡೀ ತೇವವೇ ಇದ್ದರೆ ಇದೇ ಶಿಲೀಂಧ್ರ ಇಡೀ ಬೆಳೆಯನ್ನು ಕೊಳೆಸಿಹಾಕುತ್ತದೆ. ಹಣ್ಣಿಗೆ ಒಳಿತು ಮಾಡಿದಾಗ ಮಾತ್ರ ಫ್ರೆಂಚರು ಇದನ್ನು 'ಕುಲೀನ ಕೊಳೆತ' ಎನ್ನುತ್ತಾರೆ.

ಬೂಷ್ಟು ಎಲ್ಲ ಹಣ್ಣಿಗೂ ಒಂದೇ ದಿನ ಹಿಡಿಯುವುದಿಲ್ಲ. ಆದ್ದರಿಂದ ಕೊಯ್ಯುವವರು ಅದೇ ಸಾಲಿಗೆ ಮತ್ತೆ ಮತ್ತೆ ಬಂದು, ಸುಕ್ಕಾದವನ್ನು ಮಾತ್ರ ಆರಿಸಿ ಕೀಳುತ್ತಾರೆ. ಸೊಟೆರ್ನ್‌ನ ಹೆಸರಾಂತ ಶಾಟೊ ದಿಕೆಮ್‌ನಲ್ಲಿ ಒಂದು ಬಳ್ಳಿಗೆ ಒಂದು ಗ್ಲಾಸು ವೈನ್ ಎಂಬ ಲೆಕ್ಕವಿದೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ವೈನುಗಳಿಗೆ ದರ್ಜೆ ಕೊಟ್ಟ 1855ರ ವರ್ಗೀಕರಣದಲ್ಲಿ ಸೊಟೆರ್ನ್‌ನ ತೋಟಗಳ ಪೈಕಿ ಎಲ್ಲಕ್ಕಿಂತ ಮೇಲಿನ ದರ್ಜೆ ಸಿಕ್ಕಿದ್ದು ಇದೊಂದಕ್ಕೇ. 2012ರಲ್ಲಿ ಹವೆ ಕೈಕೊಟ್ಟಾಗ ಅವರು ಆ ವರ್ಷದ ದಿಕೆಮ್ ಅನ್ನೇ ಹೊರತರಲಿಲ್ಲ. ಒಂದು ವರ್ಷದ ದುಡಿಮೆಯನ್ನು ಹಾಗೆ ಬಿಟ್ಟುಕೊಟ್ಟದ್ದನ್ನು ನೆನೆದಾಗ ಬಾಟಲಿಯ ಬೆಲೆ ಅರ್ಥವಾಗುತ್ತದೆ.

ತೊಕಾಯ್ ಕಥೆ ಇದಕ್ಕಿಂತ ಹಳೆಯದು. ಬೊದ್ರೊಗ್ ಮತ್ತು ತಿಸಾ ನದಿಗಳು ಸೇರುವ ಆ ಪ್ರದೇಶದ ಗಡಿಯನ್ನು 1737ರಷ್ಟು ಹಿಂದೆಯೇ ರಾಜಾಜ್ಞೆಯಿಂದ ಗುರುತಿಸಲಾಗಿತ್ತು. ಫುರ್ಮಿಂಟ್ ಅಲ್ಲಿನ ಮುಖ್ಯ ದ್ರಾಕ್ಷಿ, ಹುಟ್ಟಾ ಹುಳಿ. ಬೂಷ್ಟು ಹಿಡಿದು ಒಣಗಿದ ಹಣ್ಣಿಗೆ 'ಅಸೂ' ಎನ್ನುತ್ತಾರೆ. ಒಂದೊಂದೇ ಆರಿಸಿದ ಅಸೂ ಹಣ್ಣನ್ನು ಸುಮಾರು 25 ಕಿಲೋ ಹಿಡಿಯುವ ಬೆನ್ನುಬುಟ್ಟಿಗಳಲ್ಲಿ ತಂದು, 136 ಲೀಟರಿನ ಪೀಪಾಯಿಯ ರಸಕ್ಕೋ ವೈನಿಗೋ ಹಾಕಿ ನೆನೆಸುತ್ತಿದ್ದರು. ಆ ಬುಟ್ಟಿಯ ಹೆಸರು 'ಪುತ್ತೋನ್'. ಎಷ್ಟು ಬುಟ್ಟಿ ಹಾಕಿದರೋ ವೈನ್ ಅಷ್ಟು 'ಪುತ್ತೋನ್ಯೋಶ್'. ಈಗ ಬುಟ್ಟಿ ಎಣಿಸುವುದಿಲ್ಲ, ಲೀಟರಿಗೆ ಎಷ್ಟು ಸಕ್ಕರೆ ಎಂದು ಅಳೆಯುತ್ತಾರೆ. ಅಸೂ ಎನಿಸಿಕೊಳ್ಳಲು ಕನಿಷ್ಠ 120 ಗ್ರಾಂ ಇರಬೇಕು. ಬಾಟಲಿಯ ಚೀಟಿಯ ಮೇಲೆ 6 ಎಂದಿದ್ದರೆ ಕನಿಷ್ಠ 150 ಗ್ರಾಂ. ಹಣ್ಣಿನ ರಾಶಿಯಿಂದ ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುವ ರಸದ ಹೆಸರು 'ಎಸೆನ್ಸಿಯ'. ಅದರಲ್ಲಿ ಲೀಟರಿಗೆ 450 ಗ್ರಾಮಿಗೂ ಹೆಚ್ಚು ಸಕ್ಕರೆ ಇರುತ್ತದೆ. ಅದು ವರ್ಷಗಟ್ಟಲೆ ನಿಧಾನವಾಗಿ ಹುದುಗಿದರೂ ಅದರಲ್ಲಿ ಅಲ್ಪಸ್ವಲ್ಪ ಮದ್ಯಸಾರವಷ್ಟೇ ಮೂಡುತ್ತದೆ. ಅದನ್ನು ಚಮಚದಲ್ಲಿ ಕೊಡುವುದು ವಾಡಿಕೆ.

ಇನ್ನು ಯೀಸ್ಟಿನ ಕೆಲಸ ನಿಲ್ಲಿಸುವ ದಾರಿ. ಪೋರ್ಚುಗಲ್ಲಿನ ದೋರೂ ಕಣಿವೆಯಲ್ಲಿ ರಸ ಹುದುಗುತ್ತಿರುವಾಗಲೇ ಅದಕ್ಕೆ ಶೇಕಡಾ 77ರ ದ್ರಾಕ್ಷಿಯ ಮದ್ಯಸಾರ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ. ಇದೇ ನಿಜವಾದ ಪೋರ್ಟ್. ಪೀಪಾಯಿಯಲ್ಲಿ ಹಲವು ವರ್ಷ ಕುಳಿತು ಬಣ್ಣ ಕಳೆದುಕೊಂಡು ಕಂದಾದದ್ದು 'ಟಾನಿ'. ಎಳೆಯದಾಗಿ, ಕೆಂಪಾಗಿ ಬಾಟಲಿ ಸೇರುವುದು 'ರೂಬಿ'. ಮದೇರಾ ದ್ವೀಪದ ವೈನಿಗೂ ಹೀಗೆಯೇ ಮದ್ಯಸಾರ ಸೇರಿಸುತ್ತಾರೆ, ಆದರೆ ಅದಕ್ಕೊಂದು ಹೆಚ್ಚಿನ ಸಂಸ್ಕಾರವಿದೆ, ಅದೇ ಕಾವು. ಹಿಂದೆ ಹಡಗಿನಲ್ಲಿ ಭಾರತದ ಕಡೆಗೆ ಹೋಗಿ ಹಿಂದಿರುಗಿದ ಪೀಪಾಯಿಗಳ ವೈನ್ ಉಷ್ಣವಲಯದ ಸೆಕೆಯಲ್ಲಿ ಬೆಂದು ಇನ್ನಷ್ಟು ರುಚಿಯಾದದ್ದನ್ನು ವ್ಯಾಪಾರಿಗಳು ಕಂಡುಕೊಂಡರು. ಈಗ ಆ ಕಾವನ್ನು ದ್ವೀಪದಲ್ಲೇ, ಬಿಸಿ ತೊಟ್ಟಿಯಲ್ಲೋ ಬೆಚ್ಚನೆಯ ಅಟ್ಟದಲ್ಲೋ ಕೊಡುತ್ತಾರೆ.

ಹೆಜ್ಜೆ 2: ಚೀಟಿಯಲ್ಲಿ ಶೇಕಡಾವಾರು ಓದಿ

ಅಂಗಡಿಯಲ್ಲಿ ಅಪರಿಚಿತ ಹೆಸರಿನ ಸಿಹಿ ವೈನ್ ಕಂಡಾಗ ನಾನು ಮೊದಲು ಹುಡುಕುವುದು ಮದ್ಯಸಾರದ ಅಂಕಿಯನ್ನು. ಅದನ್ನು ನೋಡಿದರೆ ವೈನ್ ಮಾಡಿದ ಬಗೆ ಬಹುಮಟ್ಟಿಗೆ ತಿಳಿಯುತ್ತದೆ. ಶೇಕಡಾ 5ರ ಆಸುಪಾಸಿನಲ್ಲಿದ್ದು ಸಣ್ಣ ಗುಳ್ಳೆಗಳಿದ್ದರೆ ಅದು ಇಟಲಿಯ ಮೊಸ್ಕಾತೊ ದಾಸ್ತಿಯಂಥ ಹಗುರ ವೈನ್. 7ರಿಂದ 9ರವರೆಗಿದ್ದರೆ ಬಹುಶಃ ಜರ್ಮನಿಯ ರೀಸ್ಲಿಂಗ್ ದ್ರಾಕ್ಷಿಯ ವೈನ್. 13–14 ಇದ್ದರೆ ಸೊಟೆರ್ನ್ ಜಾತಿ. 17 ದಾಟಿ 22ರೊಳಗಿದ್ದರೆ ಹೊರಗಿನಿಂದ ಮದ್ಯಸಾರ ಸೇರಿಸಿದ ಪೋರ್ಟ್, ಮದೇರಾ, ಸ್ಪೇನಿನ ಶೆರಿ.

ಜರ್ಮನಿಯ ಚೀಟಿಯಲ್ಲಿ ಒಂದು ತೊಡಕಿದೆ. 'ಟ್ರೊಕನ್' ಎಂದು ಬಿಡಿಯಾಗಿ ಬರೆದಿದ್ದರೆ ಆ ವೈನ್ ಸಿಹಿಯಲ್ಲ. ಆದರೆ 'ಟ್ರೊಕನ್‌ಬೇರನ್‌ಆವ್‌ಸ್ಲೇಜ' ಎಂಬ ಉದ್ದನೆಯ ಪದದಲ್ಲಿ ಅದೇ ತುಣುಕು ಹಣ್ಣು ಒಣಗಿದ್ದನ್ನು ಹೇಳುತ್ತದೆ. ಅದು ಆ ದೇಶದ ಅತಿ ಸಿಹಿ ವೈನ್. 'ಬೇರನ್‌ಆವ್‌ಸ್ಲೇಜ' ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಹೆಜ್ಜೆ 3: ಅರ್ಧ ಬಾಟಲಿ ಕೊಳ್ಳಿ

ಸಿಹಿ ವೈನಿನಲ್ಲಿ 375 ಮಿಲಿಲೀಟರಿನ ಬಾಟಲಿ ಸಾಮಾನ್ಯ. ತೊಕಾಯ್‌ನದು 500. ಒಬ್ಬರಿಗೆ 60ರಿಂದ 75 ಮಿಲಿಲೀಟರ್ ಸಾಕಾದ್ದರಿಂದ ಅರ್ಧ ಬಾಟಲಿ ಐದಾರು ಜನರಿಗೆ ಆಗುತ್ತದೆ. ಇದಕ್ಕೆ ಹೊಸಬರಾದರೆ ಮೊಸ್ಕಾತೊ ದಾಸ್ತಿಯಿಂದ ಆರಂಭಿಸಿ. ಹೂವಿನ ಘಮ, ಹಗುರ ಮದ್ಯ, ಬೆಲೆಯೂ ಹೆದರಿಸುವುದಿಲ್ಲ. ನಮ್ಮ ನೆರೆಯಲ್ಲಿ ನಾಸಿಕದ ಸುಲಾದವರು ತಡವಾಗಿ ಕೊಯ್ದ ಶೆನಿನ್ ಬ್ಲಾಂಕ್ ದ್ರಾಕ್ಷಿಯಿಂದ ಸಿಹಿ ವೈನ್ ಮಾಡುತ್ತಾರೆ. ಆಮದು ಬಾಟಲಿಗೆ ಹಣ ಹಾಕುವ ಮೊದಲು ಕೈಯಳತೆಯಲ್ಲಿರುವ ಇದನ್ನು ನೋಡಬಹುದು. ಎರಡನೆಯ ಬಾಟಲಿಗೆ ಹತ್ತು ವರ್ಷದ ಟಾನಿ ಪೋರ್ಟ್ ಒಳ್ಳೆಯ ಆಯ್ಕೆ. ಸೊಟೆರ್ನ್, ತೊಕಾಯ್ ಆಮೇಲೆ ಬರಲಿ. ಹುಳಿಯನ್ನು ಗುರುತಿಸಲು ಕಲಿತ ನಾಲಿಗೆಗೆ ಅವು ಕೊಡುವ ಸುಖ ದೊಡ್ಡದು.

ಬಾಟಲಿಯ ತಳದಲ್ಲೋ ಕಾರ್ಕಿನ ಮೇಲೋ ಹರಳುಗಳು ಕಂಡರೆ ಹೆದರಬೇಡಿ. ಅದು ಸಕ್ಕರೆಯಲ್ಲ, ಗಾಜಿನ ಚೂರಂತೂ ಅಲ್ಲ. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣ ತಣ್ಣಗಾಗಿ ಹರಳುಗಟ್ಟಿದ್ದು, ನಿರಪಾಯಕಾರಿ.

ಹೆಜ್ಜೆ 4: ತಣ್ಣಗೆ ಮಾಡಿ, ಆದರೆ ಕೊರೆಯುವಷ್ಟಲ್ಲ

ಬೆಚ್ಚಗಿನ ಸಿಹಿ ವೈನ್ ನಾಲಿಗೆಗೆ ಮೆತ್ತಿಕೊಳ್ಳುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದರಲ್ಲಿ ಪರಿಮಳವೇ ಏಳುವುದಿಲ್ಲ. ಸೊಟೆರ್ನ್, ತೊಕಾಯ್, ಐಸ್‌ವೈನ್‌ಗಳಿಗೆ ಸುಮಾರು 10 ಡಿಗ್ರಿ ಹಿತ. ಫ್ರಿಜ್ಜಿನಿಂದ ಹೊರತೆಗೆದು ಹದಿನೈದು ಇಪ್ಪತ್ತು ನಿಮಿಷ ಇಟ್ಟರೆ ಆ ಹದ ಬರುತ್ತದೆ. ಟಾನಿಗೆ 12ರಿಂದ 14. 'ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ' ಎಂದು ಕೆಂಪು ಪೋರ್ಟಿನ ಬಗ್ಗೆ ಬರೆದಿರುವುದು ಯುರೋಪಿನ ಹಳೆಯ ಮನೆಗಳ ಕೋಣೆಗೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದನ್ನು ಪಾಲಿಸಿದರೆ ಮದ್ಯಸಾರದ ಘಾಟು ಮೂಗಿಗೆ ಹೊಡೆಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಬೆರಳುದ್ದದ ಪುಟ್ಟ ಲೋಟಗಳು ಬೇಡ. ಬಿಳಿ ವೈನಿನ ಸಾಮಾನ್ಯ ಗ್ಲಾಸಿನಲ್ಲಿ ಕಾಲು ಭಾಗ ಸುರಿಯಿರಿ. ಮೇಲಿನ ಖಾಲಿ ಜಾಗವೇ ಪರಿಮಳದ ಮನೆ.

ಹೆಜ್ಜೆ 5: ನುಂಗಿದ ಮೇಲೆ ಕಾಯಿರಿ

ಮೊದಲು ಬಣ್ಣ ನೋಡಿ. ಎಳೆಯ ಸೊಟೆರ್ನ್ ತಿಳಿಹೊನ್ನು, ವಯಸ್ಸಾದಂತೆ ತುಪ್ಪ, ಆಮೇಲೆ ಬೆಲ್ಲದ ಪಾಕ. ಮೂಗಿಗೆ ತಂದು ಅವಸರವಿಲ್ಲದೆ ಉಸಿರೆಳೆಯಿರಿ. ಪುಟ್ಟ ಗುಟುಕು ತೆಗೆದುಕೊಂಡು ಬಾಯಿಯ ಎಲ್ಲ ಕಡೆ ಹರಿಯಲು ಬಿಟ್ಟು ನುಂಗಿ.

ಮುಖ್ಯವಾದ ಪರೀಕ್ಷೆ ಈಗ. ಹತ್ತು ಎಣಿಸುವವರೆಗೆ ಸುಮ್ಮನಿರಿ. ಹುಣಸೆಯ ಹೆಸರು ಕೇಳಿದಾಗ ಆಗುವಂತೆ ಕೆನ್ನೆಯ ಒಳಬದಿಯಲ್ಲಿ ನೀರೂರಿತೇ? ಊರಿದರೆ ಹುಳಿ ತನ್ನ ಕೆಲಸ ಮಾಡಿದೆ, ವೈನಿನಲ್ಲಿ ಜೀವವಿದೆ. ನೀರೂರದೆ ಗಂಟಲಲ್ಲಿ ಬರೀ ಪಾಕ ಅಂಟಿದಂತಿದ್ದರೆ, ಬಾಟಲಿ ಎಷ್ಟೇ ದುಬಾರಿಯಾಗಿರಲಿ, ಅದು ಭಾರದ ವೈನ್. ಒಂದು ಲೀಟರ್ ಕೋಲಾದಲ್ಲಿರುವುದಕ್ಕಿಂತ ಹೆಚ್ಚು ಸಕ್ಕರೆ ಆರು ಪುತ್ತೋನ್ಯೋಶ್ ತೊಕಾಯ್‌ನಲ್ಲಿದೆ. ಆದರೂ ಕುಡಿದ ಮೇಲೆ ಬಾಯಿ ತೊಳೆದಷ್ಟು ಸ್ವಚ್ಛವಾಗಿರುತ್ತದೆ. ಸ್ನೇಹಿತರಿಗೆ ನಾನು ಈ ಸಂಖ್ಯೆಗಳನ್ನು ಹೇಳುವುದು ಅವರು ಮೊದಲ ಗುಟುಕು ಕುಡಿದ ಮೇಲೆಯೇ. ನಂಬಲಾಗದೆ ಅವರು ಎರಡನೆಯ ಗುಟುಕನ್ನು ಎಷ್ಟು ಎಚ್ಚರದಿಂದ ಕುಡಿಯುತ್ತಾರೆಂದರೆ, ವೈನನ್ನು ಗಮನಿಸಲು ಬೇರೆ ಪಾಠ ಬೇಕಾಗುವುದಿಲ್ಲ.

ಮಧುಮೇಹ ಇರುವವರು ಈ ಲೆಕ್ಕವನ್ನು ಬೇರೆ ಕಾರಣಕ್ಕೂ ನೋಡಬೇಕು. 75 ಮಿಲಿಲೀಟರ್ ಸೊಟೆರ್ನ್‌ನಲ್ಲಿ ಸುಮಾರು ಹತ್ತು ಗ್ರಾಂ, ಅಂದರೆ ಎರಡು ಚಹಾ ಚಮಚ ಸಕ್ಕರೆ ಇರುತ್ತದೆ. ವೈದ್ಯರನ್ನು ಕೇಳದೆ ಬೇಡ.

ಹೆಜ್ಜೆ 6: ಜೊತೆಗೇನು ತಿನ್ನಬೇಕು?

'ಡೆಸರ್ಟ್ ವೈನ್' ಎಂಬ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಮೊದಮೊದಲು ನಾನೂ ಹೆಸರನ್ನು ನಂಬಿ ಸೊಟೆರ್ನ್ ಜೊತೆಗೆ ಮೈಸೂರು ಪಾಕ್ ಇಟ್ಟಿದ್ದೆ. ಒಂದು ತುಂಡು ತಿಂದು ಗುಟುಕು ಕುಡಿದರೆ ವೈನಿನಲ್ಲಿದ್ದ ಜೇನೆಲ್ಲ ಮಾಯವಾಗಿ ಬರೀ ನಿಂಬೆಹುಳಿ ಉಳಿದಿತ್ತು. ತಿನಿಸು ವೈನಿಗಿಂತ ಹೆಚ್ಚು ಸಿಹಿಯಾಗಿದ್ದರೆ ಹೀಗಾಗುತ್ತದೆ. ಚಹಾ ಕುಡಿಯುತ್ತಾ ಜಿಲೇಬಿ ತಿಂದಾಗ ಚಹಾ ಸಪ್ಪೆಯಾಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಸಿಹಿಯಲ್ಲಿ ವೈನಿನದೇ ಒಂದು ಕೈ ಮೇಲಿರಬೇಕು.

ನಮ್ಮ ಸಿಹಿತಿಂಡಿಗಳಲ್ಲಿ ಹಲವು ಈ ಪಂದ್ಯದಲ್ಲಿ ವೈನನ್ನು ಸೋಲಿಸುತ್ತವೆ. ಮೈಸೂರು ಪಾಕ್‌ಗೆ ಎದುರು ನಿಲ್ಲಬಲ್ಲದ್ದು ಪೆದ್ರೊ ಹಿಮೆನೆಸ್ ಒಂದೇ ಎಂದು ನನ್ನ ಅನುಭವ, ಅದೂ ಒಟ್ಟಿಗೆ ಸೇರಿದಾಗ ಭಾರವೇ. ಆ ವೈನನ್ನು ವೆನಿಲಾ ಐಸ್‌ಕ್ರೀಮಿನ ಮೇಲೆ ಸುರಿದುಕೊಳ್ಳುವ ಸ್ಪೇನಿನ ಪದ್ಧತಿಯೇ ಮೇಲು. ಸಕ್ಕರೆಯಲ್ಲಿ ಕೈ ಹಿಡಿದು ಮಾಡಿದ ಬೇಳೆ ಹೋಳಿಗೆ, ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ತಣ್ಣನೆಯ ಟಾನಿ ಪೋರ್ಟ್: ಇದು ನನ್ನ ಮನೆಯಲ್ಲಿ ಗೆದ್ದ ಜೋಡಿ. ಟಾನಿಯ ಬೆಲ್ಲ, ಬಾದಾಮಿ, ಒಣಹಣ್ಣಿನ ಗುಣ ಹೂರಣಕ್ಕೆ ಸೋದರನಂತೆ ಒಗ್ಗುತ್ತದೆ. ಧಾರವಾಡ ಪೇಢೆಯ ಕಂದಿದ ಹಾಲಿನ ರುಚಿಗೆ ಬುಆಲ್ ಬಗೆಯ ಮದೇರಾ ಸೇರುತ್ತದೆ. ಕೇಸರಿಬಾತಿಗೆ ನಿಜವಾದ ಕೇಸರಿ ಹಾಕಿ, ಸಕ್ಕರೆ ಅರ್ಧಕ್ಕಿಳಿಸಿದರೆ ತೊಕಾಯ್ ಅಸೂ ಇಡಬಹುದು. ಬೂಷ್ಟಿನಿಂದ ಬಂದ ಕೇಸರಿಯ ಘಮ ತಟ್ಟೆಯ ಕೇಸರಿಯನ್ನು ಗುರುತು ಹಿಡಿಯುತ್ತದೆ. ಪಾಯಸಗಳನ್ನು ಬಿಟ್ಟುಬಿಡಿ, ಕುಡಿಯುವುದರ ಜೊತೆ ಕುಡಿಯುವುದು ಹೊಂದುವುದಿಲ್ಲ. ರಸಪುರಿ ಮಾವಿನ ಹಣ್ಣಿನ ಹೋಳುಗಳಿಗೆ ತಡಕೊಯ್ಲಿನ ಶೆನಿನ್ ಬ್ಲಾಂಕ್ ಸಾಕು, ಬೇರೇನೂ ಬೇಡ.

ಸಿಹಿಯನ್ನು ಬಿಟ್ಟು ಉಪ್ಪಿನ ಕಡೆ ಹೋದರೆ ಸೊಗಸು ಇನ್ನೂ ಹೆಚ್ಚು. ಫ್ರೆಂಚರು ಸೊಟೆರ್ನ್ ಜೊತೆ ರೋಕ್‌ಫೋರ್ ಎಂಬ ನೀಲಿ ಬೂಷ್ಟಿನ ಚೀಸ್ ತಿನ್ನುತ್ತಾರೆ, ಇಂಗ್ಲಿಷರು ಪೋರ್ಟ್ ಜೊತೆ ಸ್ಟಿಲ್ಟನ್. ಉಪ್ಪು ಮತ್ತು ಸಿಹಿ ಒಂದನ್ನೊಂದು ಎತ್ತಿಹಿಡಿಯುವುದನ್ನು ಕಲ್ಲಂಗಡಿಗೆ ಉಪ್ಪು ಉದುರಿಸಿಕೊಳ್ಳುವ ನಮಗೆ ವಿವರಿಸಬೇಕಿಲ್ಲ. ಉಪ್ಪು ಹಾಕಿ ಹುರಿದ ಗೋಡಂಬಿಯಿಂದ ಆರಂಭಿಸಿ. ಖಾರದ ಕೋಡುಬಳೆಗೆ ಮೊಸ್ಕಾತೊ ಅಥವಾ ಸಿಹಿ ರೀಸ್ಲಿಂಗ್ ಒಳ್ಳೆಯದು, ಸಿಹಿ ಖಾರವನ್ನು ತಣಿಸುತ್ತದೆ. ಖಾರದ ಜೊತೆ ಪೋರ್ಟ್ ಮಾತ್ರ ಬೇಡ, ಹೆಚ್ಚು ಮದ್ಯಸಾರ ಮೆಣಸಿನ ಉರಿಗೆ ಎಣ್ಣೆ ಸುರಿದಂತೆ.

ಜೊತೆಗೆ ಏನೂ ಇಲ್ಲದೆ, ಊಟವಾದ ಮೇಲೆ ಇದನ್ನೇ ಸಿಹಿಯೆಂದು ಕುಡಿಯುವುದೂ ಸರಿಯೇ. ದೊಡ್ಡ ತೊಕಾಯ್ ಸಿಕ್ಕ ದಿನ ನಾನು ಹಾಗೆಯೇ ಮಾಡುತ್ತೇನೆ.

ಹೆಜ್ಜೆ 7: ಉಳಿದದ್ದನ್ನು ಇಡುವ ಬಗೆ

ಕಾರ್ಕ್ ಬಿಗಿಯಾಗಿ ಹಾಕಿ, ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಫ್ರಿಜ್ಜಿನಲ್ಲಿಡಿ. ಮೊಸ್ಕಾತೊದ ಗುಳ್ಳೆ ಮರುದಿನಕ್ಕೇ ಇಳಿಯುತ್ತದೆ, ಅದನ್ನು ತೆರೆದ ದಿನವೇ ಮುಗಿಸಿ. ಸೊಟೆರ್ನ್, ಐಸ್‌ವೈನ್, ತೊಕಾಯ್ ಒಂದು ವಾರ ಚೆನ್ನಾಗಿರುತ್ತವೆ. ಟಾನಿ ಮೂರು ನಾಲ್ಕು ವಾರ ತಾಳುತ್ತದೆ. ಬಾಟಲಿಯಲ್ಲೇ ಹಳತಾದ ವಿಂಟೇಜ್ ಪೋರ್ಟ್ ಹಾಗಲ್ಲ. ಅದನ್ನು ಗಸಿ ಮೇಲೇಳದಂತೆ ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿ, ಎರಡು ಮೂರು ದಿನದಲ್ಲಿ ಕುಡಿಯಬೇಕು. ಮದೇರಾ ತಿಂಗಳುಗಟ್ಟಲೆ ಉಳಿಯುತ್ತದೆ. ಕಾವು, ಗಾಳಿ ಎರಡನ್ನೂ ಮೊದಲೇ ಉಂಡ ವೈನಿಗೆ ಇನ್ನು ಕೆಡಲು ಹೆಚ್ಚೇನೂ ಉಳಿದಿಲ್ಲ.

ಒಂದೇ ಬಾಟಲಿಯನ್ನು ಮೊದಲ ದಿನ, ಮೂರನೆಯ ದಿನ, ಆರನೆಯ ದಿನ ರುಚಿ ನೋಡಿ ಎರಡು ಸಾಲು ಬರೆದಿಡಿ. ಇನ್ನೊಂದು ಕೆಲಸ: ರಾತ್ರಿ ತೊಕಾಯ್ ಅಥವಾ ಸೊಟೆರ್ನ್ ಕುಡಿದ ಗ್ಲಾಸನ್ನು ತೊಳೆಯದೆ ಮೇಜಿನ ಮೇಲೆ ಬಿಡಿ. ತಳದಲ್ಲಿ ಉಳಿದ ಎರಡು ಹನಿ ಬೆಳಗಾಗುವಷ್ಟರಲ್ಲಿ ಒಣಗಿ ಅಂಟಾಗಿರುತ್ತದೆ. ಕಾಫಿಗೆ ಮುಂಚೆ ಒಮ್ಮೆ ಮೂಸಿ ನೋಡಿ. ಮದ್ಯಸಾರವೆಲ್ಲ ಹಾರಿಹೋಗಿ ಆ ಗಾಜಿನಲ್ಲಿ ಜೇನೂ ಏಪ್ರಿಕಾಟೂ ಇನ್ನೂ ಇರುತ್ತವೆ.